ಹಳೇ ಆಫೀಸ್ ಕಂಪ್ಯೂಟರ್‌ಗೆ ನೆಟ್‌ವರ್ಕ್: ಕಾರ್ಡ್ ಹಾಕಿಸಬೇಕಾ, ಯುಎಸ್‌ಬಿ ಸಾಕಾ, ವೈಫೈ ಆಗುತ್ತಾ?

"ಆಫೀಸಿನ ಹಳೇ ಕಂಪ್ಯೂಟರ್‌ಗೆ ನೆಟ್ ಬರ್ತಿಲ್ಲ. ಡಾಂಗಲ್ ತಗೊಳ್ಳಲಾ, ಲ್ಯಾನ್ ಕಾರ್ಡ್ ಹಾಕಿಸಲಾ, ಇಲ್ಲಾ ಕಂಪ್ಯೂಟರನ್ನೇ ಬದಲಾಯಿಸಿಬಿಡಲಾ?" ಹೀಗೆ ಕೇಳುವವರಲ್ಲಿ ಆಡಿಟರ್ ಆಫೀಸಿನವರು, ಶಾಲೆಯ ಕ್ಲರ್ಕ್‌ಗಳು, ಸಹಕಾರ ಸಂಘದ ಕಾರ್ಯದರ್ಶಿಗಳು, ಡಿಟಿಪಿ ಅಂಗಡಿಯವರೇ ಜಾಸ್ತಿ. ಅವರ ಮೆಷಿನ್‌ಗೆ ಹತ್ತು ಹದಿನೈದು ವರ್ಷ ವಯಸ್ಸಾಗಿದೆ. ಟ್ಯಾಲಿ, ನುಡಿ, ಹಳೇ ಲೇಸರ್ ಪ್ರಿಂಟರ್ ಎಲ್ಲವೂ ಅದರಲ್ಲೇ ಹೊಂದಿಕೊಂಡಿವೆ. ನೆಟ್ ಒಂದು ಸರಿಹೋದರೆ ಇನ್ನೂ ಎರಡು ಮೂರು ವರ್ಷ ಆರಾಮಾಗಿ ದುಡಿಯುತ್ತದೆ.

ಅಂಗಡಿಯಲ್ಲಿ ಕೇಳಿದರೆ ಮೊದಲು ಸ್ಪೀಡ್ ಬಗ್ಗೆ ಹೇಳುತ್ತಾರೆ. 150, 300, 600, 1000 ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಹಳೇ ಕಂಪ್ಯೂಟರ್‌ಗೆ ಅಡಾಪ್ಟರ್ (ನೆಟ್‌ವರ್ಕ್‌ಗೆ ಸೇರಿಸುವ ಕಾರ್ಡ್, ಡಾಂಗಲ್ ಇತ್ಯಾದಿ) ಆರಿಸುವಾಗ ಸ್ಪೀಡ್ ಕೊನೆಗೆ ನೋಡಬೇಕಾದ ವಿಷಯ. ನಿಮ್ಮ ವಿಂಡೋಸ್‌ಗೆ ಡ್ರೈವರ್ (ಆ ವಸ್ತುವನ್ನು ನಡೆಸುವ ಸಾಫ್ಟ್‌ವೇರ್) ಸಿಗುತ್ತಾ, ಕ್ಯಾಬಿನೆಟ್ ಒಳಗೆ ಕಾರ್ಡ್ ಕೂರುತ್ತಾ ಅನ್ನುವುದು ಮೊದಲು. ಅದಕ್ಕೂ ಮೊದಲು, ಕೆಟ್ಟಿರುವುದು ಅಡಾಪ್ಟರೇ ಹೌದಾ ಅಂತ ನೋಡಬೇಕು.

ಏನೂ ಕೊಳ್ಳುವ ಮೊದಲು

ಕೇಬಲ್‌ನಿಂದ ಶುರು ಮಾಡಿ. ಕಂಪ್ಯೂಟರ್ ಹಿಂದೆ ನೆಟ್ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್‌ನಲ್ಲಿ ಎರಡು ಸಣ್ಣ ಲೈಟ್ ಇರುತ್ತವೆ. ಎರಡೂ ಆಫ್ ಇದ್ದರೆ ಸರಿಯಾಗಿ ಕೆಲಸ ಮಾಡುತ್ತಿರುವ ಬೇರೆ ಕಂಪ್ಯೂಟರ್‌ನ ಕೇಬಲ್ ತಂದು ಹಾಕಿ. ಸ್ವಿಚ್‌ನಲ್ಲಿ (ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ) ಬೇರೆ ಪೋರ್ಟ್‌ಗೂ ಹಾಕಿ ನೋಡಿ. ಟೇಬಲ್ ಕಾಲಿಗೆ ಸಿಕ್ಕಿ ಜಜ್ಜಿದ ಕೇಬಲ್, ಕ್ಲಿಪ್ ಮುರಿದು ಸಡಿಲವಾದ ಕನೆಕ್ಟರ್, ಇವುಗಳಿಂದ ಆಗುವ ತೊಂದರೆಗೆ ಹೊಸ ಕಾರ್ಡ್ ಹಾಕಿ ಏನೂ ಪ್ರಯೋಜನವಿಲ್ಲ.

ನೆಟ್ ಬರುತ್ತಿದೆ, ಆದರೆ ನಿಧಾನ ಅನ್ನುವವರು ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಎಂಟು ಬಣ್ಣದ ತಂತಿ ಕಾಣುತ್ತವೆ. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗಕ್ಕೆ 1, 2, 3, 6ನೇ ಪಿನ್‌ಗಳ ನಾಲ್ಕೇ ತಂತಿ ಸಾಕು. ಸಾಮಾನ್ಯ ಜೋಡಣೆಯಲ್ಲಿ ಅವು ಕಿತ್ತಳೆ ಮತ್ತು ಹಸಿರು ಜೋಡಿ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಪಿನ್‌ವರೆಗೆ ತಲುಪಿರದಿದ್ದರೆ ಹೆಚ್ಚಿನ ಕಾರ್ಡ್‌ಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಇನ್ನು ಕೆಲವು ಕನೆಕ್ಟ್ ಆಗಿ, ಬಿಟ್ಟು, ಮತ್ತೆ ಕನೆಕ್ಟ್ ಆಗುತ್ತಾ ಕಾಡುತ್ತವೆ. ಇದಕ್ಕೆ ಕನೆಕ್ಟರ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿಸಿದರೆ (ಒತ್ತಿ ಕೂರಿಸಿದರೆ) ಆಯ್ತು.

ಕೇಬಲ್ ಸರಿ ಇದೆ ಅಂದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ (ಕಂಪ್ಯೂಟರ್‌ನ ಭಾಗಗಳ ಪಟ್ಟಿ) ತೆರೆಯಿರಿ. ಅಡಾಪ್ಟರ್ ಹೆಸರಿನ ಮೇಲೆ ಹಳದಿ ಗುರುತು ಅಥವಾ ಕೆಳಮುಖ ಬಾಣ ಇದ್ದರೆ ಡಬಲ್ ಕ್ಲಿಕ್ ಮಾಡಿ, ಕೋಡ್ ಓದಿ. ಕೋಡ್ 28 ಅಂದರೆ ಡ್ರೈವರ್ ಇಲ್ಲ. ಕೋಡ್ 22 ಅಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ. ಕೋಡ್ 10 ಅಂದರೆ ಡಿವೈಸ್ ಶುರುವಾಗುತ್ತಿಲ್ಲ, ಡ್ರೈವರ್ ತಪ್ಪಿರಬಹುದು ಅಥವಾ ಚಿಪ್ ಹಾಳಾಗಿರಬಹುದು. ವಿಂಡೋಸ್ 7ರಲ್ಲಿ ಕೋಡ್ 52 ಕಂಡರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ ಅಂತ ಅರ್ಥ. ಹೊಸ ಡ್ರೈವರ್‌ಗಳಿಗೆ ಎಸ್‌ಎಚ್‌ಎ-2 ಅನ್ನುವ ಹೊಸ ಬಗೆಯ ಸಹಿ ಇರುತ್ತದೆ. ಅದನ್ನು ಗುರುತಿಸುವ ಅಪ್‌ಡೇಟ್ ಹಳೇ ವಿಂಡೋಸ್ 7ರಲ್ಲಿ ಇರುವುದಿಲ್ಲ. ಇಂಥ ಕಡೆ ಕಾರ್ಡ್ ಬದಲಾಯಿಸುತ್ತಾ ಹೋದರೆ ಸುಮ್ನೆ ದುಡ್ಡು ದಂಡ.

ಪಟ್ಟಿಯಲ್ಲಿ ಅಡಾಪ್ಟರೇ ಕಾಣುತ್ತಿಲ್ಲವಾ? ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಹೋಗಿ, ಮದರ್‌ಬೋರ್ಡ್‌ನಲ್ಲೇ ಇರುವ ಆನ್‌ಬೋರ್ಡ್ ಲ್ಯಾನ್ ಎನೇಬಲ್ ಇದೆಯಾ ನೋಡಿ. ಇದ್ದರೆ ಕಂಪ್ಯೂಟರ್ ಆಫ್ ಮಾಡಿ, ಪವರ್ ವೈರನ್ನೇ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಶಟ್‌ಡೌನ್ ಮಾಡಿದರೂ ಲ್ಯಾನ್ ಚಿಪ್‌ಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತಾಗ ಮಂಕಾಗಿದ್ದ ಚಿಪ್ ಎಷ್ಟೋ ಸಲ ಮತ್ತೆ ಏಳುತ್ತದೆ.

ಇನ್ನೊಂದು ತೊಂದರೆ ಹಳೇ ಮೆಷಿನ್‌ಗಳಿಗೇ ಮೀಸಲು. ನೆಟ್ ಕನೆಕ್ಟ್ ಆಗಿದೆ, ಪಿಂಗ್ (ಇನ್ನೊಂದು ವಿಳಾಸದಿಂದ ಉತ್ತರ ಬರುತ್ತಾ ಅಂತ ನೋಡುವ ಕಮಾಂಡ್) ಹೋಗುತ್ತದೆ, ಆದರೆ ಜಿಎಸ್‌ಟಿ ಪೋರ್ಟಲ್, ಬ್ಯಾಂಕ್, ಇಮೇಲ್ ಯಾವುದೂ ತೆರೆಯುವುದಿಲ್ಲ. ಸಂಪರ್ಕ ಸುರಕ್ಷಿತವಲ್ಲ ಅಂತ ಎಚ್ಚರಿಕೆ ಬರುತ್ತದೆ. ಪರದೆಯ ಮೂಲೆಯಲ್ಲಿ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನ ಜನವರಿ 1 ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ ಸತ್ತಿದೆ. ತಾರೀಖು ತಪ್ಪಿದ್ದರೆ ಸುರಕ್ಷಿತ ಸೈಟ್‌ಗಳ ಸರ್ಟಿಫಿಕೇಟ್ ಹೊಂದುವುದಿಲ್ಲ. ಸಿಆರ್2032 ಬ್ಯಾಟರಿ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಹಾಕಿ ತಾರೀಖು ಸರಿಮಾಡಿದರೆ ಎಲ್ಲ ತೆರೆಯುತ್ತದೆ.

ಐಪಿ ವಿಳಾಸವನ್ನೂ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ನಂಬರ್) ನೋಡಿ. 169.254 ಅಂತ ಶುರುವಾಗಿದ್ದರೆ ಕಂಪ್ಯೂಟರ್‌ಗೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ. ರೂಟರ್ ರೀಸ್ಟಾರ್ಟ್ ಮಾಡಿ, ಕೇಬಲ್ ಇನ್ನೊಮ್ಮೆ ನೋಡಿ. ವಿಳಾಸ ಸರಿ ಇದ್ದರೆ ಮೊದಲು ರೂಟರ್‌ಗೆ ಪಿಂಗ್ ಮಾಡಿ, ಆಮೇಲೆ ಹೊರಗಿನ ನೆಟ್‌ನಲ್ಲಿರುವ ಗೂಗಲ್‌ನ 8.8.8.8ಕ್ಕೆ. ಎರಡೂ ಉತ್ತರ ಕೊಟ್ಟರೆ ಅಡಾಪ್ಟರ್ ಚೆನ್ನಾಗಿದೆ. ತೊಂದರೆ ಡಿಎನ್‌ಎಸ್‌ನಲ್ಲೋ (ಸೈಟ್ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ವ್ಯವಸ್ಥೆ) ಬ್ರೌಸರ್‌ನಲ್ಲೋ ಇದೆ.

ಇಷ್ಟೆಲ್ಲ ನೋಡಿದ ಮೇಲೂ ಪೋರ್ಟ್‌ನ ಲೈಟ್ ಹತ್ತುವುದೇ ಇಲ್ಲ ಅಂದರೆ ಪೋರ್ಟ್ ಸುಟ್ಟಿರಬಹುದು. ಮಲೆನಾಡು, ಕರಾವಳಿ ಕಡೆ ಮಳೆಗಾಲದ ಮೊದಲ ಗುಡುಗಿಗೆ ಇದು ಮಾಮೂಲಿ. ಮಿಂಚು ಬಡಿದಾಗ ಉದ್ದನೆಯ ತಾಮ್ರದ ಕೇಬಲ್‌ನಲ್ಲಿ ವೋಲ್ಟೇಜ್ ಹಾರಿ ಲ್ಯಾನ್ ಚಿಪ್ ಸುಡುತ್ತದೆ, ಉಳಿದ ಕಂಪ್ಯೂಟರ್ ಏನೂ ಆಗದ ಹಾಗೆ ನಡೆಯುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಲ್ಯಾನ್ ಕೇಬಲನ್ನು ಗಾಳಿಯಲ್ಲಿ ಎಳೆದಿದ್ದರೆ ದಯವಿಟ್ಟು ಅದನ್ನು ಬದಲಾಯಿಸಿ. ಅಷ್ಟು ದೂರಕ್ಕೆ ಫೈಬರ್ ಹಾಕಿ, ಎರಡೂ ತುದಿಗೆ ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಇಡಿ. ಇಲ್ಲದಿದ್ದರೆ ಇವತ್ತು ಹಾಕಿಸಿದ ಹೊಸ ಕಾರ್ಡೂ ಮುಂದಿನ ಗುಡುಗಿಗೆ ಹೋಗಬಹುದು.

ಆರಿಸಲು ಏನೇನು ನೋಡಬೇಕು

ಮೊದಲನೆಯದು ಡ್ರೈವರ್. ನಿಮ್ಮದು ವಿಂಡೋಸ್ 7, 10, ಲಿನಕ್ಸ್, ಯಾವುದು? 32 ಬಿಟ್ಟಾ 64 ಬಿಟ್ಟಾ? ಕೊಳ್ಳುವ ವಸ್ತುವಿನ ಡಬ್ಬಿಯ ಮೇಲೆ ಅದೇ ಹೆಸರು ಇರಬೇಕು. ಬ್ರ್ಯಾಂಡ್‌ಗಿಂತ ಒಳಗಿನ ಚಿಪ್ ಮುಖ್ಯ. ಡಿವೈಸ್ ಮ್ಯಾನೇಜರ್‌ನ ಹಾರ್ಡ್‌ವೇರ್ ಐಡಿಯಲ್ಲಿ 8086 ಅಂತ ಇದ್ದರೆ ಇಂಟೆಲ್, 10ಇಸಿ ಅಂತ ಇದ್ದರೆ ರಿಯಲ್‌ಟೆಕ್, 14ಇ4 ಅಂತ ಇದ್ದರೆ ಬ್ರಾಡ್‌ಕಾಮ್.

ಎರಡನೆಯದು ಜಾಗ. ಕ್ಯಾಬಿನೆಟ್ ತೆರೆದು ಸ್ಲಾಟ್ ನೋಡಿ. ಸುಮಾರು ಎಂಟೂವರೆ ಸೆಂಟಿಮೀಟರ್ ಉದ್ದದ, ಹೆಚ್ಚಾಗಿ ಬಿಳಿ ಬಣ್ಣದ ಸ್ಲಾಟ್ ಹಳೇ ಪಿಸಿಐ. ಎರಡೂವರೆ ಸೆಂಟಿಮೀಟರ್‌ನ ಪುಟ್ಟ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1. ಇವೆರಡೂ ಬೇರೆ ಬೇರೆ, ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್ ಥರದ ತೆಳು ಕ್ಯಾಬಿನೆಟ್ ಆಗಿದ್ದರೆ ಕಾರ್ಡ್‌ನ ತಗಡಿನ ಪಟ್ಟಿಯೂ ಗಿಡ್ಡದಾಗಿರಬೇಕು. ಲೋ ಪ್ರೊಫೈಲ್ ಬ್ರಾಕೆಟ್ ಡಬ್ಬಿಯಲ್ಲಿ ಇದೆಯಾ ಅಂತ ಅಂಗಡಿಯಲ್ಲೇ ತೆರೆಸಿ ನೋಡಿ. ಮನೆಗೆ ತಂದು, ಕೂರದೆ, ವಾಪಸ್ ಕೊಡುವವರ ಪೈಕಿ ಅರ್ಧ ಜನ ಇಲ್ಲೇ ಎಡವುತ್ತಾರೆ ಅನಿಸುತ್ತದೆ.

ಮೂರನೆಯದು ಕೆಲಸ. ಬರೀ ಪೋರ್ಟಲ್ ತೆರೆದು ಫಾರಂ ತುಂಬುವುದಾ, ಇಲ್ಲಾ ಇನ್ನೊಂದು ಕಂಪ್ಯೂಟರ್‌ನಲ್ಲಿರುವ ಟ್ಯಾಲಿ ಡೇಟಾ ಇಡೀ ದಿನ ತೆರೆದಿಡುವುದಾ? ಎರಡನೆಯದಾದರೆ ಸಂಪರ್ಕ ನಡುವೆ ತಪ್ಪಲೇಬಾರದು. ತಪ್ಪಿದರೆ ಡೇಟಾ ಫೈಲ್ ಕೆಡುವ ಭಯ ಇರುತ್ತದೆ.

ಸ್ಪೀಡ್ ಇವುಗಳ ನಂತರ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಸುಮಾರು 11 ಎಂಬಿ. ನಿಮ್ಮ ನೆಟ್ ಪ್ಲಾನ್ 40 ಅಥವಾ 100 ಇದ್ದರೆ ಇಷ್ಟು ಸಾಕೇ ಸಾಕು. 2 ಜಿಬಿ ಬ್ಯಾಕಪ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಕಳಿಸಲು ಮೂರು ನಿಮಿಷ ಹಿಡಿಯುತ್ತದೆ. ಗಿಗಾಬಿಟ್‌ನಲ್ಲಿ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಇಂಥ ಕೆಲಸ ದಿನಾ ಇದ್ದರೆ ಗಿಗಾಬಿಟ್‌ಗೆ ಅರ್ಥವಿದೆ.

ಇರುವ ಪೋರ್ಟನ್ನೇ ಸರಿಮಾಡಿಕೊಳ್ಳುವುದು

ಖರ್ಚು ಸೊನ್ನೆ. ಚಿಪ್ ಬದುಕಿದ್ದರೆ ನನ್ನ ಮೊದಲ ಮತ ಇದಕ್ಕೇ. ತೊಡಕು ಒಂದೇ: ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಹಾಕಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಕಂಪ್ಯೂಟರ್‌ಗೆ ಕೊಡುವ ಸೆಟ್ಟಿಂಗ್) ಆನ್ ಮಾಡಿ. ವಿಂಡೋಸ್ 10ರಲ್ಲಿ ಹೆಚ್ಚಾಗಿ ತಾನೇ ಕನೆಕ್ಟ್ ಆಗುತ್ತದೆ. ಕಂಪ್ಯೂಟರ್ ತಯಾರಿಸಿದ ಕಂಪನಿಯ ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿ ಅಲ್ಲಿಂದಲೇ ಡ್ರೈವರ್ ಇಳಿಸಿ. ಗೂಗಲ್‌ನಲ್ಲಿ ಮೊದಲು ಸಿಗುವ "ಡ್ರೈವರ್ ಅಪ್‌ಡೇಟರ್" ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಪದೇ ಪದೇ ಕನೆಕ್ಷನ್ ಬಿಟ್ಟುಹೋಗುತ್ತಿದ್ದರೆ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಡಿವೈಸ್ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಗ್ರೀನ್ ಈಥರ್ನೆಟ್, ಎನರ್ಜಿ ಎಫಿಶಿಯಂಟ್ ಈಥರ್ನೆಟ್ ಇದ್ದರೆ ಡಿಸೇಬಲ್ ಮಾಡಿ. ಸ್ಪೀಡ್ ಅಂಡ್ ಡ್ಯುಪ್ಲೆಕ್ಸ್ ಮಾತ್ರ ಆಟೋದಲ್ಲೇ ಇರಲಿ. ಒಂದು ಕಡೆ ಆಟೋ, ಇನ್ನೊಂದು ಕಡೆ 100 ಫುಲ್ ಅಂತ ಕಟ್ಟಿಹಾಕಿದರೆ ಆಟೋ ಇರುವ ಕಡೆ ಹಾಫ್ ಡ್ಯುಪ್ಲೆಕ್ಸ್‌ಗೆ (ಒಂದು ಸಲಕ್ಕೆ ಕಳಿಸುವುದು ಅಥವಾ ಪಡೆಯುವುದು ಒಂದೇ) ಬೀಳುತ್ತದೆ. ಲೈಟ್ ಹತ್ತಿರುತ್ತದೆ, ಪಿಂಗ್ ಹೋಗುತ್ತದೆ, ಫೈಲ್ ಕಾಪಿ ಮಾತ್ರ ತೆವಳುತ್ತದೆ.

ಒಳಗೆ ಹಾಕುವ ಲ್ಯಾನ್ ಕಾರ್ಡ್

ಪೋರ್ಟ್ ಸುಟ್ಟ ಡೆಸ್ಕ್‌ಟಾಪ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಮ್ಮೆ ಹಾಕಿ ಸ್ಕ್ರೂ ಬಿಗಿದರೆ ವರ್ಷಗಟ್ಟಲೆ ನೆನಪಿಗೇ ಬರುವುದಿಲ್ಲ. ಕಸ ಗುಡಿಸುವಾಗ ಯಾರೂ ಕಿತ್ತುಹಾಕುವುದಿಲ್ಲ, ಪೆನ್‌ಡ್ರೈವ್ ಅಂದುಕೊಂಡು ಯಾರೂ ಜೇಬಿಗೆ ಹಾಕಿಕೊಳ್ಳುವುದಿಲ್ಲ.

ಪಿಸಿಐ ಎಕ್ಸ್‌ಪ್ರೆಸ್ ಗಿಗಾಬಿಟ್ ಕಾರ್ಡ್ ಸುಮಾರು 700ರಿಂದ 1,200 ರೂಪಾಯಿ. ರಿಯಲ್‌ಟೆಕ್ 8111 ಅಥವಾ 8168 ಚಿಪ್ ಇದ್ದರೆ ವಿಂಡೋಸ್ 7ಕ್ಕೂ 10ಕ್ಕೂ ಡ್ರೈವರ್ ಸುಲಭವಾಗಿ ಸಿಗುತ್ತದೆ, ಲಿನಕ್ಸ್‌ನಲ್ಲಿ ಹಾಕಿದ ಕೂಡಲೇ ಗುರುತಿಸುತ್ತದೆ. ಇಂಟೆಲ್ ಚಿಪ್‌ನ ಕಾರ್ಡ್‌ಗೆ ಬೆಲೆ ಜಾಸ್ತಿ. ಎಲ್ಲರೂ ಡೇಟಾ ತೆಗೆಯುವ ಮುಖ್ಯ ಕಂಪ್ಯೂಟರ್ ಒಂದಿದ್ದರೆ ಅದಕ್ಕೆ ಮಾತ್ರ ಆ ಖರ್ಚು ಮಾಡಿ. ಎಕ್ಸ್1 ಸ್ಲಾಟ್ ಖಾಲಿ ಇಲ್ಲ, ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟ್ ಖಾಲಿ ಇದೆ ಅಂದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಈ ಕಾರ್ಡ್ ಅಲ್ಲೂ ಕೆಲಸ ಮಾಡುತ್ತದೆ.

ಹಳೇ ಪಿಸಿಐ ಸ್ಲಾಟ್ ಮಾತ್ರ ಇದ್ದರೆ ಆಯ್ಕೆ ಕಡಿಮೆ. ರಿಯಲ್‌ಟೆಕ್ 8139 ಚಿಪ್‌ನ 100 ಎಂಬಿಪಿಎಸ್ ಕಾರ್ಡ್‌ಗಳು ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಮುನ್ನೂರು ರೂಪಾಯಿ ಆಸುಪಾಸಿಗೆ ಸಿಗಬಹುದು. ಸೆಕೆಂಡ್ ಹ್ಯಾಂಡ್ ಆದರೆ ಅಲ್ಲೇ ಒಂದು ಮೆಷಿನ್‌ಗೆ ಹಾಕಿಸಿ, ಪಿಂಗ್ ನೋಡಿ, ಆಮೇಲೆ ದುಡ್ಡು ಕೊಡಿ.

ಯುಎಸ್‌ಬಿ ಲ್ಯಾನ್ ಅಡಾಪ್ಟರ್

ಕ್ಯಾಬಿನೆಟ್ ತೆರೆಯುವುದು ಬೇಡ ಅನ್ನುವವರಿಗೆ, ಲ್ಯಾಪ್‌ಟಾಪ್‌ನವರಿಗೆ, ಸ್ಲಾಟ್ ಇಲ್ಲದ ಸಣ್ಣ ಮೆಷಿನ್‌ಗಳಿಗೆ ಇದೇ ದಾರಿ. ಎರಡು ಬಗೆ ಇದೆ. ಯುಎಸ್‌ಬಿ 2.0ದ 100 ಎಂಬಿಪಿಎಸ್ ಅಡಾಪ್ಟರ್ ಅಗ್ಗ. ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ಸಾವಿರದಿಂದ ಸಾವಿರದ ಐನೂರರವರೆಗೆ.

"ನಮ್ಮ ಕಂಪ್ಯೂಟರ್‌ನಲ್ಲಿ ಯುಎಸ್‌ಬಿ 3.0ದ ನೀಲಿ ಪೋರ್ಟೇ ಇಲ್ಲ, ಗಿಗಾಬಿಟ್ ಯಾಕೆ?" ಅಂತ ಕೇಳಬಹುದು. ಹಳೇ 2.0 ಪೋರ್ಟ್‌ಗೆ ಹಾಕಿದರೂ ಅದು ಸುಮಾರು 300 ಎಂಬಿಪಿಎಸ್‌ವರೆಗೆ ಓಡುತ್ತದೆ. 100ರ ಕಾರ್ಡ್‌ಗಿಂತ ಮೂರು ಪಟ್ಟು. ಮುಂದೆ ಹೊಸ ಕಂಪ್ಯೂಟರ್ ತಗೊಂಡಾಗ ಅದೇ ಅಡಾಪ್ಟರ್ ಪೂರ್ತಿ ವೇಗಕ್ಕೆ ಬರುತ್ತದೆ. ಹಾಗಾಗಿ ಬಜೆಟ್ ಇದ್ದರೆ ಗಿಗಾಬಿಟ್ಟೇ ಇರಲಿ. ರಿಯಲ್‌ಟೆಕ್ 8153 ಅಥವಾ ಎಎಸ್ಐಎಕ್ಸ್ 88179 ಚಿಪ್ ಕೇಳಿ ತಗೊಳ್ಳಿ.

ಇದರ ದೌರ್ಬಲ್ಯವೂ ಗೊತ್ತಿರಲಿ. ವಿಂಡೋಸ್‌ನ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆನ್ ಇದ್ದರೆ ಮಧ್ಯೆ ನಿದ್ದೆ ಹೋಗುತ್ತದೆ. ಪವರ್ ಆಪ್ಷನ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ. ಹಳೇ ಕ್ಯಾಬಿನೆಟ್‌ಗಳ ಮುಂದಿನ ಪೋರ್ಟ್ ಸಡಿಲವಾಗಿರುತ್ತವೆ, ಹಿಂದಿನದಕ್ಕೇ ಹಾಕಿ.

ವೈಫೈ ಡಾಂಗಲ್

ಜನ ಮೊದಲು ಕೈ ಹಾಕುವುದು ಇದಕ್ಕೆ. ಆಫೀಸ್ ಕೆಲಸಕ್ಕೆ ನಾನು ಕೊನೆಗೆ ಹೇಳುವುದೂ ಇದನ್ನೇ. 400–500 ರೂಪಾಯಿಯ ಉಗುರಿನಷ್ಟು ಡಾಂಗಲ್ ಮೇಲೆ 150 ಅಂತ ಬರೆದಿದ್ದರೂ ಕೈಗೆ ಸಿಗುವುದು ಅದರ ಮೂರನೇ ಒಂದು ಭಾಗ, ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಜಂಬಿಟ್ಟಿಗೆ ಅಥವಾ ಕಲ್ಲಿನ ಗೋಡೆಯ ಹಳೇ ಕಟ್ಟಡಗಳಲ್ಲಿ ಪಕ್ಕದ ಕೋಣೆಗೇ ಸಿಗ್ನಲ್ ಸೊರಗುತ್ತದೆ. ಅದರ ಮೇಲೆ ಡಾಂಗಲ್ ಕಬ್ಬಿಣದ ಕ್ಯಾಬಿನೆಟ್ ಹಿಂದೆ, ಟೇಬಲ್ ಕೆಳಗೆ ಅವಿತಿರುತ್ತದೆ.

ಆದರೂ ವೈಫೈಯೇ ಬೇಕು ಅನ್ನುವ ಜಾಗಗಳಿವೆ. ಬಾಡಿಗೆ ಕಟ್ಟಡ, ಗೋಡೆ ಕೊರೆಯಲು ಮಾಲೀಕರು ಬಿಡುವುದಿಲ್ಲ, ವೈರ್ ಎಳೆಯಲು ದಾರಿಯಿಲ್ಲ. ಆಗ ಇನ್ನೊಂದು ನಾನೂರು ಸೇರಿಸಿ 5 ಗಿಗಾಹರ್ಟ್ಸ್ ಕೂಡ ಇರುವ, ಹೊರಗೆ ಆಂಟೆನಾ ಇರುವ ಡಾಂಗಲ್ ತಗೊಳ್ಳಿ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದನ್ನು ಟೇಬಲ್ ಮೇಲಕ್ಕೆ ತನ್ನಿ. ಈ ಸಣ್ಣ ಕೇಬಲ್ ಮಾಡುವ ವ್ಯತ್ಯಾಸ ಹಲವು ಸಲ ಡಾಂಗಲ್ ಬದಲಾಯಿಸಿದ್ದಕ್ಕಿಂತ ಹೆಚ್ಚು. ನೀಲಿ ಯುಎಸ್‌ಬಿ 3.0 ಪೋರ್ಟ್‌ಗಳು 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡಿ ಮಾಡುವುದರಿಂದಲೂ ದೂರ ಒಳ್ಳೆಯದು.

ಡಾಂಗಲ್ ಹಾಕಿದಾಗ ಅಡಾಪ್ಟರ್ ಬದಲು ಸಿಡಿ ಡ್ರೈವ್ ಕಂಡರೆ ಗಾಬರಿಯಾಗಬೇಡಿ. ಕೆಲವು ಡಾಂಗಲ್‌ಗಳ ಒಳಗೇ ಡ್ರೈವರ್ ಇರುತ್ತದೆ. ಆ ಡ್ರೈವ್ ತೆರೆದು ಸೆಟಪ್ ಓಡಿಸಿದ ಮೇಲೆ ವೈಫೈ ಆಗಿ ಬದಲಾಗುತ್ತದೆ. ವಿಂಡೋಸ್ 7ಕ್ಕೆ ಡಬ್ಲ್ಯುಪಿಎ3 ಅನ್ನುವ ವೈಫೈನ ಹೊಸ ಸುರಕ್ಷತಾ ವಿಧಾನ ಗೊತ್ತಿಲ್ಲ. ಹೊಸ ರೂಟರ್‌ನಲ್ಲಿ ಬರೀ ಅದನ್ನೇ ಇಟ್ಟಿದ್ದರೆ ಎಂಥ ಡಾಂಗಲ್ ಹಾಕಿದರೂ ಕನೆಕ್ಟ್ ಆಗುವುದಿಲ್ಲ. ರೂಟರ್‌ನಲ್ಲಿ ಡಬ್ಲ್ಯುಪಿಎ2 ಸೇರಿದ ಮೋಡ್ ಆರಿಸಿ. ಲಿನಕ್ಸ್ ಹಾಕಿಕೊಂಡವರು ಡಾಂಗಲ್ ಕೊಳ್ಳುವ ಮೊದಲು ಚಿಪ್‌ನ ಹೆಸರು ಹುಡುಕಲೇಬೇಕು.

ಡ್ರೈವರೇ ಬೇಡದ ದಾರಿ

ಇದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಲ್ಯಾನ್ ಪೋರ್ಟ್ ಇರುವ ವೈಫೈ ರೇಂಜ್ ಎಕ್ಸ್‌ಟೆಂಡರ್ ತಂದು, ಅದನ್ನು ರೂಟರ್‌ನ ವೈಫೈಗೆ ಸೇರಿಸಿ, ಅದರಿಂದ ಒಂದು ಮೋಟು ಲ್ಯಾನ್ ಕೇಬಲನ್ನು ಕಂಪ್ಯೂಟರ್‌ಗೆ ಹಾಕುವುದು. ಕಂಪ್ಯೂಟರ್‌ಗೆ ಇದು ಮಾಮೂಲಿ ವೈರ್ ನೆಟ್. ಡ್ರೈವರ್ ಜಗಳ ಇಲ್ಲ, ಡಬ್ಲ್ಯುಪಿಎ ಜಗಳ ಇಲ್ಲ, ಯಾವ ಹಳೇ ವಿಂಡೋಸ್ ಆದರೂ ಸರಿ. ಎಕ್ಸ್‌ಟೆಂಡರನ್ನು ಸಿಗ್ನಲ್ ಚೆನ್ನಾಗಿರುವ ಎತ್ತರದಲ್ಲಿ ಇಡಬಹುದು. ಸುಮಾರು 1,500 ರೂಪಾಯಿ ಆಗುತ್ತದೆ. ಪಕ್ಕದಲ್ಲಿ ಸಣ್ಣ ಸ್ವಿಚ್ ಇಟ್ಟರೆ ಅದೇ ಮೂಲೆಯ ಮೂರು ನಾಲ್ಕು ಕಂಪ್ಯೂಟರ್‌ಗೆ ಹಂಚಬಹುದು. ಪ್ರತಿಯೊಂದಕ್ಕೂ ಆಂಟೆನಾ ಇರುವ ಡಾಂಗಲ್ ಕೊಳ್ಳುವ ಲೆಕ್ಕ ಹಾಕಿದರೆ ಇದೇ ಅಗ್ಗ. ಮನೆಯಲ್ಲಿ ಬಿದ್ದಿರುವ ಹಳೇ ರೂಟರ್‌ನಲ್ಲಿ ಕ್ಲೈಂಟ್ ಅಥವಾ ಡಬ್ಲ್ಯುಡಿಎಸ್ ಮೋಡ್ (ಇನ್ನೊಂದು ರೂಟರ್‌ನ ವೈಫೈಗೆ ಸೇರುವ ಸೌಲಭ್ಯ) ಇದ್ದರೆ ಖರ್ಚೇ ಇಲ್ಲ. ಕಂಪ್ಯೂಟರ್‌ನ ಲ್ಯಾನ್ ಪೋರ್ಟ್ ಮಾತ್ರ ಚೆನ್ನಾಗಿರಬೇಕು.

ಯಾರಿಗೆ ಯಾವುದು

ಟ್ಯಾಲಿಯನ್ನು ಹಲವರು ಸೇರಿ ಬಳಸುವ ಆಫೀಸ್: ವೈರ್ ಬಿಟ್ಟು ಬೇರೆ ಯೋಚನೆ ಬೇಡ. ಡೇಟಾ ಇರುವ ಕಂಪ್ಯೂಟರ್‌ಗೆ ಒಳಗಿನ ಗಿಗಾಬಿಟ್ ಕಾರ್ಡ್, ಉಳಿದವಕ್ಕೆ ಇರುವ ಪೋರ್ಟ್ ಸಾಕು. ಒಂದೇ ಕಂಪ್ಯೂಟರ್, ಬರೀ ಪೋರ್ಟಲ್ ಕೆಲಸ, ರೂಟರ್ ಅದೇ ಕೋಣೆಯಲ್ಲಿ: ನೂರಿನ್ನೂರು ರೂಪಾಯಿಯ ರೆಡಿ ಕೇಬಲ್, ಪೋರ್ಟ್ ಕೆಟ್ಟಿದ್ದರೆ ಯುಎಸ್‌ಬಿ ಲ್ಯಾನ್. ಬಾಡಿಗೆ ಜಾಗ: ಎಕ್ಸ್‌ಟೆಂಡರ್ ಮೊದಲು, ಆಂಟೆನಾ ಇರುವ ಡಾಂಗಲ್ ಆಮೇಲೆ. ಕೈಯಲ್ಲಿ ಐನೂರಕ್ಕಿಂತ ಕಡಿಮೆ ಇದೆ, ಪಿಸಿಐ ಸ್ಲಾಟ್ ಇದೆ ಅಂದರೆ ಹಳೇ 100ರ ಕಾರ್ಡೇ ಡಾಂಗಲ್‌ಗಿಂತ ನಂಬಿಕಸ್ಥ.

ಖರ್ಚು ಮಾಡಬಾರದ ಕಂಪ್ಯೂಟರ್‌ಗಳೂ ಇವೆ. ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಅಥವಾ ಎಕ್ಸ್‌ಪಿ ಬಿಟ್ಟು ಬೇರೇನೂ ಓಡದಷ್ಟು ಹಳೆಯದಾಗಿದ್ದರೆ ಆ ದುಡ್ಡು ಹೊಸದಕ್ಕೆ ಕೂಡಿಡಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಹಳೇ ವಿಂಡೋಸ್ ಬರೀ ಟ್ಯಾಲಿ, ಪ್ರಿಂಟ್‌ಗೆ ಬೇಕಿದ್ದರೆ ಅದಕ್ಕೆ ಸ್ಟ್ಯಾಟಿಕ್ ಐಪಿ (ಕೈಯಾರೆ ಕೊಡುವ, ಬದಲಾಗದ ವಿಳಾಸ) ಕೊಟ್ಟು ಡಿಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ಗೆ ದಾರಿಯಾಗುವ ರೂಟರ್‌ನ ವಿಳಾಸ) ಜಾಗ ಖಾಲಿ ಬಿಡಿ. ಆಫೀಸಿನೊಳಗೆ ಎಲ್ಲ ನಡೆಯುತ್ತದೆ, ಹೊರಗಿನ ನೆಟ್‌ಗೆ ಹೋಗುವುದಿಲ್ಲ. ಬ್ಯಾಂಕ್ ಕೆಲಸ ಬೇರೆ ಮೆಷಿನ್‌ನಲ್ಲಿ ಮಾಡಿ.

ಹಾಕಿದ ಮೇಲೆ

ಕಾರ್ಡ್ ಹಾಕುವ ಮೊದಲು ಡ್ರೈವರನ್ನು ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಪವರ್ ವೈರ್ ಕಿತ್ತು, ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ, ಆಮೇಲೆ ಕಾರ್ಡ್ ಹಿಡಿಯಿರಿ. ಸುಟ್ಟ ಆನ್‌ಬೋರ್ಡ್ ಲ್ಯಾನನ್ನು ಬಯೋಸ್‌ನಲ್ಲಿ ಡಿಸೇಬಲ್ ಮಾಡಿ.

ಹಳೇ ಸ್ಟ್ಯಾಟಿಕ್ ಐಪಿಯನ್ನೇ ಹೊಸ ಕಾರ್ಡ್‌ಗೆ ಕೊಟ್ಟಾಗ, ಈ ವಿಳಾಸ ಈಗಾಗಲೇ ಬೇರೆ ಅಡಾಪ್ಟರ್‌ಗೆ ಇದೆ ಅಂತ ವಿಂಡೋಸ್ ತಕರಾರು ಮಾಡಬಹುದು. ವಿಂಡೋಸ್ 10ರ ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ ಮೆನು, ಶೋ ಹಿಡನ್ ಡಿವೈಸಸ್. ಮಂಕಾಗಿ ಕಾಣುವ ಹಳೇ ಅಡಾಪ್ಟರನ್ನು ಅನ್‌ಇನ್‌ಸ್ಟಾಲ್ ಮಾಡಿ.

ಅಡಾಪ್ಟರ್ ಬದಲಾದರೆ ಮ್ಯಾಕ್ ವಿಳಾಸವೂ (ಪ್ರತಿ ಅಡಾಪ್ಟರ್‌ಗೆ ತಯಾರಕರೇ ಕೊಟ್ಟ ಗುರುತಿನ ನಂಬರ್) ಬದಲಾಗುತ್ತದೆ. ಲೈಸೆನ್ಸನ್ನು ಮ್ಯಾಕ್‌ಗೆ ಕಟ್ಟಿರುವ ಸಾಫ್ಟ್‌ವೇರ್ ಇದ್ದರೆ ಮಾರಿದವರಿಗೆ ಮೊದಲೇ ಫೋನ್ ಮಾಡಿ ಕೇಳಿ. ರೂಟರ್‌ನಲ್ಲಿ ಮ್ಯಾಕ್ ನೋಡಿ ಐಪಿ ಕೊಡುವ ಏರ್ಪಾಡು ಇದ್ದರೆ ಅಲ್ಲೂ ಹೊಸದನ್ನು ಬರೆಯಬೇಕು.

ನೆಟ್ ಬಂತು, ಆದರೆ ಪಕ್ಕದ ಟೇಬಲಿನವರಿಗೆ ಪ್ರಿಂಟ್ ಹೋಗುತ್ತಿಲ್ಲ ಅನ್ನುವ ದೂರು ಅದೇ ದಿನ ಸಂಜೆಯೊಳಗೆ ಬರುತ್ತದೆ. ಹೊಸ ಅಡಾಪ್ಟರ್ ಕಂಡಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂತ ತಿಳಿದು ಪಬ್ಲಿಕ್ ಅಂತ ಗುರುತು ಹಾಕುತ್ತದೆ, ಹಂಚಿಕೆ ನಿಲ್ಲಿಸುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ಪ್ರೈವೇಟ್ ಅಂತ ಬದಲಾಯಿಸಿ, ವಿಂಡೋಸ್ 7ರಲ್ಲಿ ವರ್ಕ್ ನೆಟ್‌ವರ್ಕ್ ಅಂತ ಆರಿಸಿ. ಪ್ರಿಂಟ್ ಹೋಗುತ್ತದೆ.